ಸೇತುವೆ ದಾಟದ ನಿಂಬೆಹಣ್ಣು

"ಇದು ಎಂತದು ಹೇಳಿ ನೋಡುವ," ಎಂದು ಸರ್ವೋತ್ತಮರು ಕರವಸ್ತ್ರದ ಗಂಟು ಬಿಚ್ಚಿ, ಒಳಗಿದ್ದುದನ್ನು ಅಜಿತನ ಅಡುಗೆಮನೆಯ ಕೌಂಟರಿನ ಮೇಲಿಟ್ಟರು.

ಅದು ಒಂದು ನಿಂಬೆಹಣ್ಣು. ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಗೋಲಿಗಿಂತ ತುಸು ದೊಡ್ಡದಾಗಿ ಉಳಿದಿತ್ತು. ತೊಟ್ಟಿನಲ್ಲಿ ಇನ್ನೂ ಎರಡು ಎಲೆಗಳಿದ್ದವು, ಮುಟ್ಟಿದರೆ ಪುಡಿಯಾಗುವಂಥವು. ಸಿಪ್ಪೆಯ ಸುಕ್ಕುಗಳ ಸಂದಿಯಲ್ಲಿ ಕುಂಕುಮ ಕಪ್ಪಗೆ ಕೂತಿತ್ತು.

ಅಜಿತ್ ಅದನ್ನು ನೋಡಿದ. ಆಮೇಲೆ ಎದುರಿನ ಸ್ಟೂಲಿನ ಮೇಲೆ ಕುಳಿತಿದ್ದ ಪ್ರಭಾಳನ್ನು ನೋಡಿದ.

"ನಿಂಬೆಹಣ್ಣು. ಯಾಕೆ ಅಂಕಲ್?"

ಪ್ರಭಾಳ ಗಂಡ ಪ್ರದ್ಯುಮ್ನ ಎರಡು ವರ್ಷದ ಹಿಂದೆ, ವೀಸಾ ಸ್ಟಾಂಪಿಂಗಿಗೆಂದು, ಅಂದರೆ ಹೊರದೇಶದ ಅಮೆರಿಕನ್ ಕಾನ್ಸುಲೇಟಿನಲ್ಲಿ ಹೊಸ ವೀಸಾ ಮುದ್ರೆ ಹಾಕಿಸಿಕೊಳ್ಳಲು, ಇದೇ ಅಜಿತನ ಜೊತೆ ಟೆಕ್ಸಸ್ಸಿನ ಎಲ್ ಪಾಸೋ ಊರಿಗೆ ಹೋಗಿ, ಅಲ್ಲಿಂದ ಸೇತುವೆ ದಾಟಿ ಮೆಕ್ಸಿಕೋದ ಹುವಾರೆಸ್ ಸೇರಿದವನು ಮರಳಿ ಬಂದಿರಲಿಲ್ಲ.

ಎಲ್ಲರೂ ನಂಬಿದ್ದ ಕಥೆ ಅಷ್ಟೇ. ಅದನ್ನು ಹೇಳಿದವನು ಅಜಿತ್ ಒಬ್ಬನೇ. ಆ ಸಂಜೆ ಹುವಾರೆಸ್‌ನ ಹೋಟೆಲಿನಿಂದ ಊಟ ತರಲು ಹೊರಗೆ ಹೋದ ಪ್ರದ್ಯುಮ್ನ ವಾಪಸು ಬರಲಿಲ್ಲ. ಕಳ್ಳರ ಭಯಕ್ಕೆ ಪರ್ಸು, ಫೋನು ಎಲ್ಲವನ್ನೂ ಬ್ಯಾಗಿನಲ್ಲಿಟ್ಟು ಹೋಗಿದ್ದ. ಪಾಸ್‌ಪೋರ್ಟು ಮಾತ್ರ ಅವನ ಜೇಬಿನಲ್ಲಿತ್ತು. ಕೆಲವು ದಿನ ಕಳೆದು ಅಜಿತ್ ಆ ಬ್ಯಾಗನ್ನು ಹೊತ್ತುಕೊಂಡು ಸೇತುವೆ ದಾಟಿ ಬಂದು ಪ್ರಭಾಳಿಗೆ ಒಪ್ಪಿಸಿದ. ಅಂದಿನಿಂದ ಹುಡುಕಾಟವೆಲ್ಲ ಹುವಾರೆಸ್‌ನಲ್ಲೇ ನಡೆದಿತ್ತು. ಎಲ್ ಪಾಸೋದ ಆಸ್ಪತ್ರೆಗಳನ್ನೂ ಒಮ್ಮೆ ನೋಡಿಬಿಡೋಣ ಎಂದು ಪ್ರದ್ಯುಮ್ನನ ತಮ್ಮ ಜಯರಾಮ್ ಒಬ್ಬನೇ ಹೋಗಿ ವಿಚಾರಿಸಿ ಬಂದಿದ್ದ. ಅಲ್ಲಿ ಯಾರೂ ಇಲ್ಲವೆಂದು ತಿಳಿಸಿದ್ದ.

ಈಗ ಪ್ರಭಾಳಿಗೆ ಬೇಕಾಗಿದ್ದುದು ಒಂದೇ ಮಾತು. ಬರುವ ಶುಕ್ರವಾರ ಪ್ರದ್ಯುಮ್ನನ ಜನ್ಮನಕ್ಷತ್ರ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ದೇವಸ್ಥಾನದಲ್ಲಿ ಮಗನ ಹೆಸರಿನಲ್ಲಿ ಆಯುಷ್ಯ ಹೋಮ ಮಾಡಿಸಬೇಕೆಂದು ಅತ್ತೆಯ ಹಟ. ಹೋಮ ಬೇಡ, ಇನ್ನು ಶ್ರಾದ್ಧ ಮಾಡಿ ಅವನನ್ನು ಬಿಟ್ಟುಕೊಡೋಣ ಎಂದು ಜಯರಾಮನ ವಾದ. ಹನ್ನೆರಡು ವರ್ಷ ಕಾಯಬೇಕಲ್ಲವೇ ಎಂದು ಪುರೋಹಿತರು ಕೇಳಿದ್ದಕ್ಕೆ, ಅದು ಓಲೆ ಬರೆದು ಕಾಯುತ್ತಿದ್ದ ಕಾಲದ ಮಾತು, ಬದುಕಿದ್ದವನು ಈ ಕಾಲದಲ್ಲಿ ಎರಡು ವರ್ಷ ಫೋನ್ ಮಾಡದೆ ಇರುತ್ತಾನೆಯೇ ಎಂದು ಅವನು ಮರುಪ್ರಶ್ನೆ ಹಾಕಿದ್ದ. ಕೊನೆಗೆ ಪುರೋಹಿತರು, ಹೆಂಡತಿಯಾದವಳು ಏನು ಹೇಳುತ್ತಾಳೋ ಹಾಗೆ, ಎಂದುಬಿಟ್ಟಿದ್ದರು.

ಹೋಮವೋ, ಶ್ರಾದ್ಧವೋ. ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅದಕ್ಕೇ ಅವಳು ಸರ್ವೋತ್ತಮರನ್ನು ಹುಡುಕಿಕೊಂಡು ವಾಲ್ನಟ್ ಕ್ರೀಕ್‌ಗೆ ಹೋಗಿದ್ದಳು. ಉಡುಪಿ ಕಡೆಯ ಆ ಹಿರಿಯರು ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ಬೆನ್ನುಹತ್ತುವ ಕೆಲಸ ಮಾಡಿ ನಿವೃತ್ತರಾದವರು.

"ಈ ಹಣ್ಣು ಪ್ರದ್ಯುಮ್ನನ ಬ್ಯಾಗಿನ ಒಳಜಿಪ್ಪಿನಲ್ಲಿ ಇತ್ತು," ಎಂದರು ಸರ್ವೋತ್ತಮರು. "ಲಾಸ್ ಆಲ್ಟೋಸಿನ ಅವರ ಮನೆಯ ಹಿತ್ತಲಿನ ಗಿಡದ್ದು. ಮಗ ವೀಸಾಕ್ಕೆ ಹೊರಡುವಾಗ ತಾಯಿ ಕಿತ್ತು, ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ತಾನೇ ಬ್ಯಾಗಿಗೆ ಹಾಕಿದ್ದು. ಬ್ಯಾಗು ತಿರುಗಿ ಬಂದಾಗ ಅವರೇ ತೆಗೆದು ದೇವರ ಗೂಡಿನಲ್ಲಿ ಇಟ್ಟುಕೊಂಡರು. ಎರಡು ವರ್ಷದಿಂದ ಅಲ್ಲಿಯೇ ಉಂಟು. ನಾನು ಮೊನ್ನೆ ನೋಡಿದೆ."

ಅಜಿತ್ ತಲೆಯಾಡಿಸಿದ. ಆಂಟಿ ಅವನಿಗೂ ಒಂದು ಹಣ್ಣು ಕೊಟ್ಟಿದ್ದರೆಂದು ನೆನಪಿಸಿಕೊಂಡ. ಅವನ ಹೆಂಡತಿ ಅಮಿತಾ ಕಾಫಿಯ ಲೋಟಗಳನ್ನು ತಂದಿಟ್ಟು, ಏನೋ ಸರಿಯಿಲ್ಲವೆಂದು ಅನ್ನಿಸಿ, ಹೋಗದೆ ಅಲ್ಲೇ ನಿಂತಳು.

"ಬ್ಯಾಗು ಕೊಡುವಾಗ ಪ್ರಭಾ ನಿಮ್ಮ ಹತ್ತಿರ ಒಂದು ಮಾತು ಕೇಳಿದ್ದಳು. ಬ್ಯಾಗಿನಲ್ಲಿ ಚೀಟಿಯೋ ಅಡ್ರೆಸ್ಸೋ ಏನಾದರೂ ಇತ್ತಾ ಅಂತ. ನೀವು ಎಂತ ಹೇಳಿದಿರಿ, ನೆನಪುಂಟಾ?"

ಅವನಿಗೆ ನೆನಪಿರಲಿಲ್ಲ. ಪ್ರಭಾ ಮರೆತಿರಲಿಲ್ಲ. ತಲೆ ಎತ್ತದೆಯೇ ಅವನ ಮಾತನ್ನೇ ಒಪ್ಪಿಸಿದಳು.

"ಬಾರ್ಡರ್‌ನಲ್ಲಿ ಒಂದೊಂದು ಜಿಪ್ಪನ್ನೂ ತೆಗೆಸಿ ನೋಡಿದ್ರು, ಪ್ರಭಾ. ನಾನು ಅರ್ಧ ತಿಂದಿದ್ದ ಕಿತ್ತಳೆಹಣ್ಣನ್ನೂ ಬಿಡಲಿಲ್ಲ, ಹಣ್ಣು ಒಳಗೆ ತರೋ ಹಾಗಿಲ್ಲ ಅಂತ ಕಸಕ್ಕೆ ಹಾಕಿಸಿದ್ರು. ಅದರಲ್ಲಿ ಏನಾದ್ರೂ ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ತಿತ್ತು. ಹಾಗೆ ಹೇಳಿದ್ದೆ ನೀನು."

ಫ್ರಿಜ್ಜಿನ ಮೋಟರು ಸದ್ದು ಮಾಡಿ ನಿಂತಿತು.

"ಕಿತ್ತಳೆಯನ್ನು ಬಿಡದವರು," ಎಂದರು ಸರ್ವೋತ್ತಮರು, "ಎಲೆ ಸಮೇತ ನಿಂಬೆಯನ್ನು ಬಿಟ್ಟರಾ?"

ಮಿಸ್ ಆಗಿರಬಹುದು ಎಂದು ಅಜಿತ್ ನಕ್ಕ. ಅಲ್ಲಿ ಅಷ್ಟು ಜನ, ಅಷ್ಟು ರಶ್ಶು. ನಗು ಮುಗಿಯುವ ಮೊದಲೇ ಅವನು ತುಳುವಿಗೆ ಹೊರಳಿದ. ತಾನೂ ಮಂಗಳೂರಿನವನೆಂಬ ಸಲುಗೆಯಿಂದ, ತಗ್ಗಿದ ದನಿಯಲ್ಲಿ, ಇದೆಲ್ಲ ಈಗ ಯಾಕೆ ಅಣ್ಣಾ, ಅವಳ ಮನಸ್ಸಿಗೆ ಸುಮ್ಮನೆ ನೋವು, ಎಂದ.

"ಕನ್ನಡದಲ್ಲಿ ಹೇಳಿ ಅಜಿತ್," ಎಂದರು ಸರ್ವೋತ್ತಮರು. "ಅವಳಿಗೆ ಅರ್ಥ ಆಗಬೇಕು. ನನಗಲ್ಲ."

ಅಜಿತ್ ಕಾಫಿಯ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡ.

ಸರ್ವೋತ್ತಮರು ದನಿ ಏರಿಸುವವರಲ್ಲ. ನಿಂಬೆಯನ್ನು ಬೆರಳ ತುದಿಯಿಂದ ತುಸು ಹೊರಳಿಸಿ, ತಮಗೆ ತಾವೇ ಹೇಳಿಕೊಳ್ಳುವಂತೆ ಮಾತಾಡಿದರು. ಈ ಬ್ಯಾಗು ಆಚೆಯಿಂದ ಬರಲಿಲ್ಲ ಎಂದರೆ ಆಚೆಗೆ ಹೋಗಿರಲೂ ಇಲ್ಲ. ಹಾಗಾದರೆ ಅದು ಎಲ್ ಪಾಸೋದಲ್ಲಿ, ಇಬ್ಬರೂ ಸೇತುವೆಯವರೆಗೆ ಹೋದ ಬಾಡಿಗೆ ಕಾರಿನ ಡಿಕ್ಕಿಯಲ್ಲೇ ಇದ್ದಿರಬೇಕು. ಬ್ಯಾಗು ಹೋಟೆಲಿನಲ್ಲಿ ಇರಲಿಲ್ಲ ಎಂದಮೇಲೆ, ಬ್ಯಾಗಿನ ಯಜಮಾನ ಹೋಟೆಲಿನಲ್ಲಿ ಇದ್ದನೆಂದು ಯಾಕೆ ನಂಬಬೇಕು?

"ಇನ್ನೊಂದೇ ಪ್ರಶ್ನೆ. ಸ್ಟಾಂಪಿಂಗಿಗೆ ಹೋಗುವವರು ಎಲ್ಲ ಕಾಗದಪತ್ರ ಒಂದು ಫೈಲಿನಲ್ಲಿ ಇಡ್ತಾರೆ, ಅಲ್ವಾ. ಪಾಸ್‌ಪೋರ್ಟ್, ಅಪಾಯಿಂಟ್‌ಮೆಂಟ್, ಎಲ್ಲ. ಆ ಫೈಲು ಯಾರ ಕೈಯಲ್ಲಿತ್ತು?"

ಉತ್ತರ ಬಂದದ್ದು ಅಮಿತಾಳಿಂದ. ಅವಳಿಗೆ ಅದು ಅಡಗಿಸುವ ಮಾತೆಂದೇ ತಿಳಿದಿರಲಿಲ್ಲ.

"ಫೈಲು ಯಾವಾಗ್ಲೂ ಇವರ ಹತ್ರಾನೇ ಅಂಕಲ್. ಎಲ್ಲಿಗೆ ಹೋದ್ರೂ ನಂದು, ಮಗಳು ಲಾಸ್ಯಾಂದು ಪಾಸ್‌ಪೋರ್ಟೂ ಇವರೇ ಹಿಡ್ಕೋತಾರೆ. ಬೇರೆಯವರ ಕೈಗೆ ಕೊಟ್ರೆ ಕಳೆದುಬಿಡ್ತಾರೆ ಅಂತ ಇವರಿಗೆ ಭಯ. ಪ್ರದ್ಯುಮ್ನನ್ನ ರೇಗಿಸ್ತಾ ಇದ್ರಲ್ಲ, ನಿನ್ನ ಕೈಗೆ ಕೊಟ್ರೆ ಮುಗೀತು ಅಂತ..."

ಮಾತು ಹೊರಗೆ ಬಂದ ಮೇಲೆ ಅವಳಿಗೆ ಅದರ ಅರ್ಥ ಹೊಳೆಯಿತು. ಗಂಡನ ಕಡೆ ತಿರುಗಿದಳು.

"ಅಜಿತ್, ಅವನ ಪಾಸ್‌ಪೋರ್ಟ್ ಎಲ್ಲಿ?"

ಅಜಿತ್ ಎದ್ದು ಗ್ಯಾರೇಜಿಗೆ ಹೋದ. ಅಲ್ಲಿ ಪೆಟ್ಟಿಗೆಗಳನ್ನು ಸರಿಸುವ ಸದ್ದು ಕೇಳಿಸಿತು. ಓಡಿಹೋಗುತ್ತಾನೇನೋ ಎಂದು ಯಾರೂ ಹಿಂದೆ ಹೋಗಲಿಲ್ಲ. ಅವನು ತಿರುಗಿ ಬಂದಾಗ ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಫೈಲು ಇತ್ತು. ಅದನ್ನು ಪ್ರಭಾಳ ಮುಂದಿಟ್ಟು, ಕುರ್ಚಿಗಳಿದ್ದರೂ ಕೂರದೆ, ಗೋಡೆಗೆ ಒರಗಿ ನೆಲದ ಮೇಲೆ ಕುಸಿದ.

ಪ್ರಭಾ ಪಾಸ್‌ಪೋರ್ಟು ತೆರೆದಳು. ಆ ಫೋಟೋ ತೆಗೆಸಿಕೊಳ್ಳುವ ದಿನ ಗಡ್ಡ ಬೋಳಿಸು ಎಂದು ಅವಳು ಗದರಿದ್ದಳು. ಅವಸರದಲ್ಲಿ ಬೋಳಿಸಿಕೊಂಡು ಗಲ್ಲದಲ್ಲಿ ಸಣ್ಣ ಗಾಯ ಮಾಡಿಕೊಂಡಿದ್ದ. ಫೋಟೋದಲ್ಲೂ ಅದು ಕಾಣುತ್ತಿತ್ತು. ಅವಳು ಅಳಲಿಲ್ಲ. ಪಾಸ್‌ಪೋರ್ಟನ್ನು ಮಡಿಲಲ್ಲಿಟ್ಟುಕೊಂಡು ದುಪಟ್ಟಾದ ಅಂಚಿನಿಂದ ಮುಚ್ಚಿದಳು, ಮಲಗಿದ ಮಗುವಿಗೆ ಹೊದಿಸುವಂತೆ.

ಅಜಿತ್ ಹೇಳತೊಡಗಿದ.

ಬ್ಯಾಗು, ಪರ್ಸು, ಫೋನು ಯಾವುದನ್ನೂ ಆಚೆ ಒಯ್ಯಬೇಡಿ, ಫೈಲು ಮಾತ್ರ ಸಾಕು ಎಂದು ಸ್ಟಾಂಪಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಬರೆಯುತ್ತಿದ್ದರು. ಅದರಂತೆ ಪ್ರದ್ಯುಮ್ನ ತನ್ನದೆಲ್ಲವನ್ನೂ ಡಿಕ್ಕಿಯಲ್ಲಿ ಬಿಟ್ಟ. ಕಾರಿನ ಕೀ ಅಜಿತನ ಜೇಬಿನಲ್ಲಿತ್ತು. ಸೇತುವೆಯ ಬುಡಕ್ಕೆ ಬರುವ ಹೊತ್ತಿಗೆ ಪ್ರದ್ಯುಮ್ನ ತಲೆಸುತ್ತು ಎಂದು ಅಂಗಡಿಯೊಂದರ ಮುಂದಿನ ಬೆಂಚಿನ ಮೇಲೆ ಕುಳಿತ. ಎಡಗೈ ಜೋಮು ಹಿಡಿದಿದೆ ಎಂದೂ ಹೇಳಿದ. ಆಚೆ ತುದಿಯಲ್ಲಿ ಹೋಟೆಲಿನ ಗಾಡಿ ಕಾಯುತ್ತಿತ್ತು. ನೀನು ನಡಿ, ಅದನ್ನು ನಿಲ್ಲಿಸಿಕೊಂಡಿರು, ನಾನು ಹಿಂದೆಯೇ ಬಂದೆ ಎಂದು ಪ್ರದ್ಯುಮ್ನನೇ ಕಳಿಸಿದ.

"ನಾನು ನಡೆದುಬಿಟ್ಟೆ," ಎಂದ ಅಜಿತ್. "ಸೇತುವೆಯ ನಡುಮಧ್ಯ, ಈ ದೇಶ ಮುಗೀತು ಅಂತ ಫಲಕ ಇರೋ ಜಾಗದಲ್ಲಿ, ನೆನಪಾಯ್ತು. ಫೈಲು ನನ್ನ ಕಂಕುಳಲ್ಲೇ ಇದೆ. ಅವನ ಪಾಸ್‌ಪೋರ್ಟೂ ಅದರಲ್ಲೇ ಇದೆ."

ಹೋಗುವ ಕಾಲುದಾರಿ ಬೇರೆ, ಬರುವ ಕಾಲುದಾರಿ ಬೇರೆ. ನಡುವೆ ಬೇಲಿ. ಹಿಂತಿರುಗಬೇಕಾದರೆ ಆಚೆ ದಡಕ್ಕೆ ಇಳಿದು, ಮತ್ತೆ ಸಾಲಿನಲ್ಲಿ ನಿಂತು, ಅಮೆರಿಕದ ಅಧಿಕಾರಿಯ ಮುಂದೆ ಪಾಸ್‌ಪೋರ್ಟು ಒಡ್ಡಬೇಕು. ಅವನ ವೀಸಾ ಮುಗಿದಿತ್ತು. ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆ. ಬಿಟ್ಟರೂ ಮರುದಿನದ ಅಪಾಯಿಂಟ್‌ಮೆಂಟ್ ತಪ್ಪುತ್ತದೆ ಎಂಬ ಹೆದರಿಕೆ. ಹಿಂದಕ್ಕೆ ನೋಡಿದನಂತೆ. ಪ್ರದ್ಯುಮ್ನ ಬೆಂಚಿನ ಮೇಲೆ ಹಾಗೇ ಕುಳಿತಿದ್ದ. ಕೈಬೀಸಿದರೆ ಅವನು ಬೀಸಲಿಲ್ಲ. ದೂರ, ಕಂಡಿರಲಿಕ್ಕಿಲ್ಲ ಎಂದುಕೊಂಡ.

"ಕೆಳಗೆ ಕಾಂಕ್ರೀಟು ಹಾಕಿದ ಕಾಲುವೆ, ಅದರಲ್ಲಿ ನೀರೂ ಸರಿಯಾಗಿ ಇರಲಿಲ್ಲ, ಪ್ರಭಾ. ಕೂಗಿದ್ರೆ ಕೇಳಿಸ್ತಿತ್ತೇನೋ. ನಾಲ್ಕು ಜನ ನೋಡ್ತಾರೆ ಅಂತ ಕೂಗಲಿಲ್ಲ."

ಆ ಸಂಜೆ ಪ್ರಭಾ ಹೋಟೆಲಿಗೆ ಫೋನ್ ಮಾಡಿದಳು. ಪ್ರದ್ಯುಮ್ನ ಫೋನು ಎತ್ತುತ್ತಿಲ್ಲ, ಅವನೆಲ್ಲಿ ಎಂದು ಗಾಬರಿಯಿಂದ ಕೇಳಿದಳು. ಅವಳ ಗಾಬರಿಯನ್ನು ತಣಿಸಲು ಅಜಿತ್ ಒಂದು ಸಣ್ಣ ಸುಳ್ಳು ಹೇಳಿದ. ಅವನ ಬ್ಯಾಗು ಇಲ್ಲೇ ನನ್ನ ಪಕ್ಕದಲ್ಲಿದೆ, ಫೋನು ಅದರಲ್ಲೇ ಇದೆ, ಅವನು ಊಟ ತರೋಕೆ ಹೋಗಿದಾನೆ. ಬೆಳಗಾಗುವಷ್ಟರಲ್ಲಿ ಪ್ರದ್ಯುಮ್ನ ಹೇಗಾದರೂ ಸುದ್ದಿ ಕಳಿಸುತ್ತಾನೆ, ಆಗ ನಿಜ ಹೇಳಿದರಾಯಿತು ಎಂದುಕೊಂಡಿದ್ದ. ಬೆಳಗಾಯಿತು, ಸುದ್ದಿ ಬರಲಿಲ್ಲ. ಪ್ರಭಾ ಹುವಾರೆಸ್‌ನ ಪೊಲೀಸರಿಗೆ ದೂರು ಕೊಟ್ಟಾಗಿತ್ತು. ಅವರು ಬಂದು ಕೇಳಿದಾಗ ಅವನು ಅದೇ ಸುಳ್ಳನ್ನು ಮತ್ತೊಮ್ಮೆ ಹೇಳಿದ. ಸ್ಟಾಂಪ್ ಬಿದ್ದ ಮೇಲೆ ಈಚೆಗೆ ಬಂದು ನೋಡಿದರೆ ಬೆಂಚು ಖಾಲಿ. ಅಂಗಡಿಯವರಿಗೆ ಏನೂ ಗೊತ್ತಿರಲಿಲ್ಲ. ಇನ್ನೊಬ್ಬನ ಪಾಸ್‌ಪೋರ್ಟು ತನ್ನ ಫೈಲಿನಲ್ಲಿದೆ, ಪೊಲೀಸರ ಮುಂದೆ ಸುಳ್ಳು ಹೇಳಿಕೆ ಇದೆ, ಗ್ರೀನ್ ಕಾರ್ಡು ಇನ್ನೇನು ಬರುವುದರಲ್ಲಿದೆ. ಅವನ ಬಾಯಿ ಕಟ್ಟಿತು.

ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ಎಡಗೈ ಜೋಮು ಅಂದ್ನಾ?"

"ಹೂಂ."

"ಅಂದ್ಮೇಲೂ ನಡೆದೆ."

ಅದು ಪ್ರಶ್ನೆಯಾಗಿರಲಿಲ್ಲ. ಅಮಿತಾ ಸಿಂಕಿನ ಕಡೆ ತಿರುಗಿ ನಿಂತು, ನಲ್ಲಿ ಬಿಟ್ಟು, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

ಹೊರಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಡ್ಯಾನ್‌ವಿಲ್‌ನ ಒಣ ಗುಡ್ಡಗಳ ಮೇಲಿತ್ತು. ಸರ್ವೋತ್ತಮರು ಡ್ರೈವ್ ಮಾಡುತ್ತ ಒಂದೇ ಒಂದು ಮಾತು ಹೇಳಿದರು. ಇಷ್ಟು ದಿನ ನಾವು ನದಿಯ ತಪ್ಪು ದಡದಲ್ಲಿ ಹುಡುಕಿದೆವು. ನಿಂಬೆಯನ್ನು ಕಂಡ ದಿನವೇ ಅವರಿಗೆ ಆ ಸಂಶಯ ಬಂದು, ಎಲ್ ಪಾಸೋದ ಹಳೆಯ ಪರಿಚಯದ ಹೆಂಗಸೊಬ್ಬರಿಗೆ ಪ್ರದ್ಯುಮ್ನನ ಫೋಟೋ ಕಳಿಸಿದ್ದರು. ಆಕೆ ಅಲ್ಲಿನ ಆಸ್ಪತ್ರೆಯೊಂದರಲ್ಲಿ ದಿಕ್ಕಿಲ್ಲದ ರೋಗಿಗಳ ವ್ಯವಸ್ಥೆ ನೋಡಿಕೊಳ್ಳುವ ಸೋಷಿಯಲ್ ವರ್ಕರ್ ಆಗಿದ್ದು, ಈಗ ನಿವೃತ್ತಿಯಾದವರು.

ಕಾರು ಡಂಬಾರ್ಟನ್ ಸೇತುವೆಯನ್ನು ಏರುವಾಗ ಆಕೆಯ ಫೋನ್ ಬಂತು. ಸರ್ವೋತ್ತಮರು ಸ್ಪೀಕರ್ ಹಾಕಿದರು. ಎರಡೂ ಬದಿಯಲ್ಲಿ ಕೊಲ್ಲಿಯ ನೀರು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಈ ಸೇತುವೆ ಯಾರನ್ನೂ ನೀನು ಯಾರು ಎಂದು ಕೇಳುವುದಿಲ್ಲ, ಎಂದು ಪ್ರಭಾಳಿಗೆ ಅನ್ನಿಸಿತು.

ಇದನ್ನೆಲ್ಲ ಹೇಳಬಾರದು, ಆದರೆ ಆ ಮುಖ ತನಗೆ ಮರೆತಿಲ್ಲ ಎಂದರು ಆಕೆ. ಸೇತುವೆಯ ಬಳಿ ಬಿದ್ದಿದ್ದವನನ್ನು ಆಂಬುಲೆನ್ಸಿನಲ್ಲಿ ತಂದಿದ್ದರು. ಸ್ಟ್ರೋಕ್. ಬಲಗೈ ಮಾತ್ರ ಅಲುಗುತ್ತಿತ್ತು, ಮಾತು ಪೂರ್ತಿ ಹೋಗಿತ್ತು. ಜೇಬಿನಲ್ಲಿ ಒಂದು ಗುರುತಿನ ಚೀಟಿಯೂ ಇರಲಿಲ್ಲ.

"ಬದುಕಿದ್ದಾರಾ?" ಎಂದು ಪ್ರಭಾ ಇಂಗ್ಲಿಷಿನಲ್ಲಿ ಕೇಳಿದಳು.

ತಾನು ನೋಡಿದಷ್ಟು ದಿನ ಬದುಕಿದ್ದ, ಎಂದರು ಆಕೆ. ಕಣ್ಣಿನಲ್ಲಿ ಗುರುತು ಹಿಡಿಯುವ ಬೆಳಕು ಇತ್ತು. ಆದರೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ವಾರ ಆಸ್ಪತ್ರೆಯವರು ಅವನನ್ನು ಕಳಿಸಿಬಿಟ್ಟರು. ಹೆಸರಿಲ್ಲ, ಇನ್ಶೂರೆನ್ಸ್ ಇಲ್ಲ, ಸಿಕ್ಕಿದ್ದು ಸೇತುವೆಯ ಬುಡದಲ್ಲಿ, ಬಣ್ಣ ಕಂದು. ಆಚೆ ಕಡೆಯವನೇ ಇರಬೇಕೆಂದು ತೀರ್ಮಾನಿಸಿ, ವ್ಯಾನಿನಲ್ಲಿ ಮಲಗಿಸಿ, ಅದೇ ಸೇತುವೆ ದಾಟಿಸಿ, ಹುವಾರೆಸ್‌ನ ಯಾವುದೋ ಆಶ್ರಮಕ್ಕೆ ಒಪ್ಪಿಸಿದರು. ತಾನು ಬೇಡವೆಂದು ಹೇಳಿದರೂ ಯಾರೂ ಕೇಳಲಿಲ್ಲ. ಆಮೇಲಿನದು ಗೊತ್ತಿಲ್ಲ.

ಪ್ರಭಾ ಕಿಟಕಿಯ ಗಾಜಿಗೆ ಹಣೆ ಒತ್ತಿದಳು. ಅವನು ಈಚೆ ಇದ್ದಾಗ ಅವಳು ಆಚೆಯ ಬೀದಿಗಳಲ್ಲಿ ಅವನ ಫೋಟೋ ಅಂಟಿಸುತ್ತಿದ್ದಳು. ಸಾಕಾಗಿ ಅವಳು ಮನೆಗೆ ಮರಳಿದ ಮೇಲೆ ಅವನನ್ನು ಆಚೆಗೆ ಒಯ್ದಿದ್ದರು.

"ನಿಮ್ಮವರು ಯಾರೂ ಹುಡುಕಲಿಲ್ಲ ಅಂತಲ್ಲ," ಎಂದು ಆಕೆ ಮುಂದುವರಿಸಿದರು. "ಒಬ್ಬರು ಬಂದಿದ್ದರು. ಕ್ಯಾಲಿಫೋರ್ನಿಯಾದಿಂದ. ಹೆಸರು ನೆನಪಿಲ್ಲ. ಅಣ್ಣನನ್ನು ಹುಡುಕುತ್ತಿದ್ದೇನೆ ಎಂದರು. ನಾನೇ ಹಾಸಿಗೆಯ ಹತ್ತಿರ ಕರೆದುಕೊಂಡು ಹೋದೆ. ತುಂಬ ಹೊತ್ತು ನೋಡಿದರು. ಇವನಲ್ಲ ಎಂದರು."

ಸರ್ವೋತ್ತಮರು ವೇಗ ತಗ್ಗಿಸಿದರು.

"ನನಗೆ ನೀರು ತರೋಕೆ ಹೇಳಿದರು. ನಾನು ನೀರು ತಗೊಂಡು ಬಂದಾಗ ಅವರು ರೋಗಿಯ ಪಾದ ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ತಾ ಇದ್ದರು. ಆಮೇಲೆ ರೋಗಿಯ ಬಲಗೈ ಎತ್ತಿ, ತನ್ನ ತಲೆಯ ಮೇಲೆ ತಾನೇ ಇಟ್ಟುಕೊಂಡರು. ಅಪರಿಚಿತರಿಗಾಗಿ ಪ್ರಾರ್ಥನೆ ಮಾಡುವ ಒಳ್ಳೆಯ ಮನುಷ್ಯ ಅಂದುಕೊಂಡೆ. ಅವರು ಇಲ್ಲ ಅಂದ ಮೇಲೇ ಆಸ್ಪತ್ರೆ ತೀರ್ಮಾನ ಮಾಡಿದ್ದು."

ಫೋನು ನಿಂತಿತು. ಸೇತುವೆಯೂ ಮುಗಿಯಿತು.

ಕಾರಿನಲ್ಲಿ ಇಬ್ಬರೂ ಆ ಹೆಸರನ್ನು ಹೇಳಲಿಲ್ಲ. ಸುಮಾರು ದೂರ ಬಂದ ಮೇಲೆ ಪ್ರಭಾ, ಈ ಕಡೆಯ ಆಸ್ಪತ್ರೆ ಎಲ್ಲ ನೋಡಿದೆ ಅತ್ತಿಗೆ, ಯಾರೂ ಇಲ್ಲ ಅಂದಿದ್ದ, ಎಂದಳು. ಇನ್ನೊಬ್ಬರ ಮಾತನ್ನು ಒಪ್ಪಿಸುವಂತೆ ಹೇಳಿದಳು. ಬೇರೆ ಯಾರಾದರೂ ಇರಬಹುದು, ಅಣ್ಣನನ್ನು ಕಳೆದುಕೊಂಡವರು ಬೇರೆಯವರೂ ಇರುತ್ತಾರೆ, ಎಂದೂ ಸೇರಿಸಿದಳು. ಸರ್ವೋತ್ತಮರು ಇರಬಹುದು ಮಾರಾಯ್ತಿ ಎಂದಷ್ಟೇ ಹೇಳಿದರು.

ಲಾಸ್ ಆಲ್ಟೋಸ್‌ನ ಮನೆ ತಲುಪಿದಾಗ ಡ್ರೈವ್‌ವೇಯಲ್ಲಿ ಜಯರಾಮನ ಕಾರು ನಿಂತಿತ್ತು. ಒಳಗೆ ಊಟದ ಮೇಜಿನ ಮೇಲೆ ಇಂಡಿಯನ್ ಗ್ರೋಸರಿಯ ಚೀಲ. ಅದರಿಂದ ಕರಿಎಳ್ಳಿನ ಪೊಟ್ಟಣ, ದರ್ಭೆಯ ಕಟ್ಟು ಹೊರಗೆ ಇಣುಕುತ್ತಿದ್ದವು. ಅತ್ತೆ ಕುರ್ಚಿಯಲ್ಲಿ ಕುಳಿತು ಅವನ್ನು ನೋಡದಂತೆ ಮುಖ ತಿರುಗಿಸಿಕೊಂಡಿದ್ದರು. ಅವರ ಕಣ್ಣು ಊದಿತ್ತು.

"ಬಂದ್ರಾ ಅತ್ತಿಗೆ?" ಎಂದ ಜಯರಾಮ್. ದನಿ ಮೃದುವಾಗಿತ್ತು, ಸೋತಿತ್ತು. "ಪುರೋಹಿತರಿಗೆ ಶ್ರಾದ್ಧ ಅಂತಾನೇ ಹೇಳ್ಬಿಟ್ಟೆ. ಇನ್ನೂ ಎಷ್ಟು ದಿನ ಅಮ್ಮನ್ನ ಹೀಗೆ ನೋಡೋದು? ಅಮ್ಮನೂ ಈಗ ಹೂಂ ಅಂದ್ರು."

ಪ್ರಭಾಳ ಕೈ ಪರ್ಸಿನೊಳಗಿದ್ದ ಪಾಸ್‌ಪೋರ್ಟನ್ನು ಹಿಡಿದಿತ್ತು. ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು. ಸರ್ವೋತ್ತಮರು ಬೇಡವೆಂಬಂತೆ ಅವಳನ್ನು ನೋಡಿದರು.

ಜಯರಾಮ್ ಹೊರಡಲು ಎದ್ದ. ತಾಯಿಯ ಮುಂದೆ ಬಗ್ಗಿ ಪಾದ ಮುಟ್ಟಿದ, ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಅವರು ಹರಸಲು ಕೈ ಎತ್ತಲಿಲ್ಲ. ಅದು ತೊಡೆಯ ಮೇಲೆ ಹಾಗೇ ಬಿದ್ದಿತ್ತು.

ಅವನು ಆ ಬಲಗೈಯನ್ನು ಮೆಲ್ಲಗೆ ಎತ್ತಿ, ತನ್ನ ತಲೆಯ ಮೇಲೆ ತಾನೇ ಇಟ್ಟುಕೊಂಡ.